ಒಂದೇ ಹೆಸರಿನ ಮೂರು ಕಾರ್ಡು, ಒಂದು ಕೊಡ

ಆಯುಧ ಪೂಜೆ ದಿನ ನಾನು ಶೆಡ್ಡಿಗೆ ಹೋಗಿರಲಿಲ್ಲ. ಮಾರನೇ ದಿನ ಬೆಳಗ್ಗೆ ಬಾಗಿಲಲ್ಲಿ ಒಡೆದಿದ್ದ ಬೂದುಗುಂಬಳಕಾಯಿ ದಾಟಿಕೊಂಡು ಒಳಗೆ ಹೋದರೆ ಲೇತು, ಮಿಲ್ಲಿಂಗ್ ಮಿಷನ್ನು, ಡ್ರಿಲ್ಲು ಎಲ್ಲವೂ ವಿಭೂತಿ ಬಳಿದುಕೊಂಡು, ಚೆಂಡುಹೂವಿನ ಹಾರ ಹಾಕಿಕೊಂಡು ಮದುವೆ ಗಂಡುಗಳ ಹಾಗೆ ನಿಂತಿದ್ದವು. ನನ್ನ ಕಂಪ್ಯೂಟರಿಗೂ ಒಂದು ಹಾರ ಬಿದ್ದಿತ್ತು. ಅದನ್ನು ತೆಗೆದಿಟ್ಟು ಆನ್ ಮಾಡಿದೆ. ಒಳಗೆ ಫ್ಯಾನು ತಿರುಗಿತು. ಪರದೆ ಮಾತ್ರ ಕಪ್ಪಗೇ ಉಳಿಯಿತು.

ಸತ್ಯಮಂಗಲದ ಇಂಡಸ್ಟ್ರಿಯಲ್ ಏರಿಯಾದಲ್ಲಿ ನಮ್ಮದು ಪ್ಲಾಸ್ಟಿಕ್ ಸಾಮಾನಿಗೆ ಅಚ್ಚು ಮಾಡುವ ಸಣ್ಣ ಶೆಡ್ಡು. ಹೊರಗಿನ ಬೋರ್ಡಿನಲ್ಲಿ ‘ಡೈ ಮತ್ತು ಮೌಲ್ಡ್ ತಯಾರಕರು’ ಅಂತ ಬರೆದಿತ್ತು. ಆದರೆ ಅಚ್ಚಿನ ಡಿಸೈನು ಮೊದಲಿಂದಲೂ ಬೆಂಗಳೂರಿನಲ್ಲಿ ಆಗಿ ಬರುತ್ತಿತ್ತು. ಅದನ್ನು ಇಲ್ಲೇ ಮಾಡ್ತೀನಿ, ನನಗೊಂದು ಕೆಲಸ ಕೊಟ್ಟು ನೋಡಿ ಅಂತ ಯಜಮಾನರ ಬೆನ್ನು ಬಿದ್ದವಳು ನಾನು. ಕೊನೆಗೆ ಒಂದು ಕೊಟ್ಟರು. ನೀರಿನ ಕೊಡ.

ಪ್ಲಾಸ್ಟಿಕ್ ಕೊಡ ಸೊಂಟದಿಂದ ಜಾರುತ್ತೆ, ಹಿತ್ತಾಳೆದಾದರೆ ಗಟ್ಟಿಯಾಗಿ ಕೂರುತ್ತೆ ಅಂತ ಹೆಂಗಸರು ದೂರುತ್ತಿದ್ದರಂತೆ. ಜಾರದ ಕೊಡ ಬೇಕು ಅಂತ ಕೊಡದ ಫ್ಯಾಕ್ಟರಿಯ ಸಾಹುಕಾರರು ಕೇಳಿದ್ದರು. ಬೀದಿ ನಲ್ಲಿಯಿಂದ ನೀರು ಹೊತ್ತು ಬೆಳೆದವಳಿಗೆ ಅದನ್ನು ಯಾರೂ ವಿವರಿಸಬೇಕಾಗಿರಲಿಲ್ಲ. ಕೊಡದ ಹೊಟ್ಟೆಗೆ ಒಂದು ಪಕ್ಕದಲ್ಲಿ ತೆಳುವಾದ ಒಳಬಾಗು ಕೊಟ್ಟು ಬಿಡಿಸಿದ್ದೆ. ದೀಪಾವಳಿ ಕಳೆದ ಮೇಲೆ ಸಾಹುಕಾರರು ಡಿಸೈನ್ ನೋಡಲು ಬರುವ ಮಾತಾಗಿತ್ತು. ಅಷ್ಟರಲ್ಲಿ ಮುಗಿಯದಿದ್ದರೆ ಕೊಡವೂ ಬೆಂಗಳೂರಿಗೆ, ಅದರ ಹಿಂದೆಯೇ ಮುಂದಿನ ಡಿಸೈನುಗಳೆಲ್ಲವೂ ಬೆಂಗಳೂರಿಗೆ. ನನಗೆ ಲೇತಿನ ಪಕ್ಕ ನಿಂತು ಅಳತೆ ನೋಡುವ ಕೆಲಸವಷ್ಟೇ ಉಳಿಯುತ್ತಿತ್ತು.

ಸ್ಕ್ರೂ ಬಿಚ್ಚಿ ಕಂಪ್ಯೂಟರಿನ ಪೆಟ್ಟಿಗೆ ತೆಗೆದೆ. ಒಳಗಿದ್ದ ಗ್ರಾಫಿಕ್ಸ್ ಕಾರ್ಡಿನ ಮೇಲೆ ಅಚ್ಚುಕಟ್ಟಾಗಿ ಮೂರು ವಿಭೂತಿ ಪಟ್ಟೆ, ನಡುವೆ ಒಂದು ಕುಂಕುಮದ ಬೊಟ್ಟು. ಗ್ರಾಫಿಕ್ಸ್ ಕಾರ್ಡು ಅಂದರೆ ಕಂಪ್ಯೂಟರು ಹಾಕಿದ ಲೆಕ್ಕವನ್ನು ಪರದೆ ಮೇಲೆ ಚಿತ್ರ ಮಾಡಿ ತೋರಿಸುವ ಅಂಗೈ ಅಗಲದ ಹಲಗೆ. ಲೇತಿನ ಗೇರ್ ಬಾಕ್ಸಿನ ಮುಚ್ಚಳ ತೆಗೆದು ಪೂಜೆ ಮಾಡಿದ ಹಾಗೆ ಇದನ್ನೂ ಯಾರೋ ಬಿಚ್ಚಿ, ನೀರಲ್ಲಿ ಕಲಸಿದ ವಿಭೂತಿ ಹಚ್ಚಿದ್ದರು. ಮಂಗಳಾರತಿ ಹೊತ್ತಿಗೆ ಎಲ್ಲ ಮಿಷನ್ನೂ ಓಡುತ್ತಿರಬೇಕು ಅನ್ನೋದು ನಮ್ಮಲ್ಲಿ ಪದ್ಧತಿ. ಒದ್ದೆ ಆರುವ ಮೊದಲೇ ಸ್ವಿಚ್ ಹಾಕಿದ್ದಾರೆ. ಕಾರ್ಡಿನ ಮೂಲೆ ಕರಕಲಾಗಿತ್ತು.

ಯಜಮಾನರು ಟೀ ಲೋಟ ಹಿಡಿದುಕೊಂಡು ಬಾಗಿಲಲ್ಲಿ ನಿಂತಿದ್ದರು.

"ಯಾರ್ ಸಾರ್ ಇದನ್ನ ಬಿಚ್ಚಿದ್ದು?" ಅಂದೆ.

"ಯಾರೋ ವರ್ಕರ್ಸ್ ಇರ್ಬೇಕು ಬುಡಮ್ಮ. ಸರಿ ಮಾಡಕ್ಕಾಗಲ್ವಾ?"

ಅವರ ಹಣೆ ಮೇಲಿದ್ದ ಮೂರು ಪಟ್ಟೆಗೂ ಕಾರ್ಡಿನ ಮೇಲಿದ್ದ ಮೂರು ಪಟ್ಟೆಗೂ ಒಂದೇ ಅಂತರ. ಕರಕಲು ಕಾರ್ಡನ್ನು ಕಿತ್ತು ಟೇಬಲ್ ಮೇಲಿಟ್ಟೆ.

ಅಂಗಡಿಗೆ ಹೋಗಿ ಬೇರೆ ಹೊಸ ಕಾರ್ಡು ತರೋಣ ಅಂದರೆ ಅದೂ ಆಗುವ ಹಾಗಿರಲಿಲ್ಲ. ನಮ್ಮ ಡಿಸೈನ್ ಸಾಫ್ಟ್‌ವೇರ್ ಆ ಒಂದು ಕಾರ್ಡಿಗೆ ಮಾತ್ರ ಒಗ್ಗಿತ್ತು. ಆ ಕಾರ್ಡು ತಯಾರಾಗುವುದು ನಿಂತು ಹೋಗಿತ್ತು, ಹೊಸ ಮಾದರಿಯವು ನಮ್ಮ ಹಳೇ ಪೆಟ್ಟಿಗೆಯ ಸ್ಲಾಟಿನಲ್ಲಿ ಕೂರುತ್ತಲೂ ಇರಲಿಲ್ಲ. ಸೆಕೆಂಡ್ ಹ್ಯಾಂಡ್ ಹುಡುಕುವುದೊಂದೇ ದಾರಿ. ಯಜಮಾನರು ಅವರಿವರಿಗೆ ಫೋನ್ ಮಾಡಿ ಅದೇ ಹೆಸರಿನ ಮೂರು ಕಾರ್ಡು ಪತ್ತೆ ಮಾಡಿದರು. ತುಮಕೂರಿನಲ್ಲೇ ಒಂದು, ಗುಬ್ಬಿಯಲ್ಲಿ ಒಂದು, ಕುಣಿಗಲ್‌ನಲ್ಲಿ ಒಂದು.

"ಹೆಸರು ಒಂದೇ ತಾನೆ? ಯಾವ್ದು ಮೊದ್ಲು ಸಿಗುತ್ತೋ ತಂದ್ಬುಡು" ಅಂದರು.

ಅಲ್ಲೇ ಇದ್ದದ್ದು ತೊಡಕು. ಒಂದೇ ಹೆಸರಿಟ್ಟುಕೊಂಡು ಆ ಕಾರ್ಡು ನಾಲ್ಕಾರು ಬಗೆಯಲ್ಲಿ ಬಂದಿತ್ತು. ಆಟ ಆಡುವವರಿಗೆ ಒಂದು, ಅಗ್ಗಕ್ಕೆ ಬೇಕೆನ್ನುವವರಿಗೆ ಒಂದು, ನಮ್ಮಂಥ ಡಿಸೈನ್ ಕೆಲಸದವರಿಗೆ ಒಂದು. ಮೇಲಿನ ಚೀಟಿ ನೋಡಿ ಕೊಂಡರೆ ಕೆಟ್ಟೆವು. ಹಾಗಾಗಿ ಹೋದ ಕಡೆಗೆಲ್ಲ ನಮ್ಮ ಪೆಟ್ಟಿಗೆಯನ್ನೇ ಹೊತ್ತುಕೊಂಡು ಹೋಗಿ, ಅದರಲ್ಲಿ ಕಾರ್ಡು ಕೂರಿಸಿ, ನನ್ನ ಕೊಡವನ್ನೇ ಪರದೆ ಮೇಲೆ ತಿರುಗಿಸಿ ನೋಡಬೇಕು ಅಂತ ತೀರ್ಮಾನ ಮಾಡಿದೆ. ಕೊಡ ಹೊರುವುದು ಗೊತ್ತಿದ್ದವಳಿಗೆ ಪೆಟ್ಟಿಗೆ ಏನು ಮಹಾ?

ನೋಡುವುದಕ್ಕೂ ಒಂದು ಕ್ರಮವಿತ್ತು. ಕೊಡದ ಮೇಲೆ ಕಪ್ಪು ಬಿಳಿ ಪಟ್ಟೆ ಹರಿಯುವ ಹಾಗೆ ಮಾಡಬಹುದು, ಜೀಬ್ರಾ ಮೈ ಹಾಗೆ. ಮೇಲ್ಮೈ ನಯವಾಗಿದ್ದರೆ ಪಟ್ಟೆ ಮುರಿಯದೆ ಹರಿಯುತ್ತದೆ. ಎಲ್ಲಾದರೂ ತಟ್ಟನೆ ಮುರಿದರೆ ಅಲ್ಲಿ ಮಡಿಕೆ ಇದೆ ಅಂತ ಅರ್ಥ. ಆ ಜಾಗದಲ್ಲಿ ಪ್ಲಾಸ್ಟಿಕ್ ತೆಳುವಾಗಿ, ನೀರು ತುಂಬಿದ ಕೊಡ ಸೊಂಟದ ಮೇಲೇ ಬಿರುಕು ಬಿಡುತ್ತದೆ. ಪಟ್ಟೆಯನ್ನು ಸರಿಯಾಗಿ ತೋರಿಸದ ಕಾರ್ಡು ನನಗೆ ಕುರುಡುಗಣ್ಣು ಇದ್ದ ಹಾಗೆ.

ಮೊದಲು ಮಂಡಿಪೇಟೆ ಕಡೆಯ ಹಳೇ ಕಂಪ್ಯೂಟರ್ ಅಂಗಡಿ. ಅಂಗಡಿಯ ಚಾಚಾ ನಮ್ಮ ಅಬ್ಬಾಗೆ ಪರಿಚಯ. ನಾವಿಬ್ಬರೂ ಆಡಿದ್ದು ಉರ್ದುವಿನಲ್ಲೇ, ಇಲ್ಲಿ ಕನ್ನಡದಲ್ಲಿ ಬರೀತಿದ್ದೀನಿ.

"ಹೆಸರು ನೋಡು ಬೇಟಾ, ಅದೇ ತಾನೆ?"

"ಹೆಸರು ಅದೇ ಚಾಚಾ. ಹೊಟ್ಟೆ ಅರ್ಧ ಇದೆ."

ಕಾರ್ಡಿನ ಮೇಲೆ ಮೆಮೊರಿ ಚಿಪ್ಪು ನಾಲ್ಕೇ ಇದ್ದವು. ಪಕ್ಕದಲ್ಲಿ ಇನ್ನೂ ನಾಲ್ಕಕ್ಕೆ ಜಾಗ ಬಿಟ್ಟು ಖಾಲಿ ಇಟ್ಟಿದ್ದರು, ಎಲೆ ಹಾಕಿ ಊಟ ಬಡಿಸದ ಹಾಗೆ. ಆದರೂ ಕೂರಿಸಿ ನೋಡಿದೆ. ಕೊಡ ತಿರುಗಿಸಿದರೆ ಪಟ್ಟೆಗಳು ಕಂಡ ಕಂಡಲ್ಲಿ ಹರಿದು ಚಿಂದಿಯಾದವು. ಚಾಚಾ ಕನ್ನಡಕ ಏರಿಸಿಕೊಂಡು ಪರದೆ ನೋಡಿದರು. "ಆಟ ಆಡೋ ಹುಡುಗರಿಗೆ ಕೊಡ್ತೀನಿ ಬಿಡು, ನಿನಗಲ್ಲ ಇದು" ಅಂತ ಕಾರ್ಡನ್ನು ಹಳೇ ಜಾಗಕ್ಕೇ ಸೇರಿಸಿದರು.

ಮಾರನೇ ದಿನ ಗುಬ್ಬಿ. ಬಸ್ಸಿನಲ್ಲಿ ಪೆಟ್ಟಿಗೆ ತೊಡೆ ಮೇಲಿಟ್ಟುಕೊಂಡು ಕೂತೆ. ಕಂಡಕ್ಟರ್ ಬಂದವನೇ "ಇದಕ್ಕೂ ಟಿಕೆಟ್ ತಗೋಬೇಕಮ್ಮ" ಅಂದ. "ಸೀಟಲ್ಲಿ ಕೂತಿಲ್ಲವಲ್ಲಣ್ಣ, ನನ್ನ ತೊಡೆ ಮೇಲೆ ಕೂತದೆ. ತೊಡೆ ಮೇಲಿನ ಮಗೀಗೆ ಟಿಕೆಟ್ ತಗೋತೀರಾ?" ಅಂದೆ. ಹಿಂದಿನ ಸೀಟಿನ ಅಜ್ಜಿ ಕಿಸಕ್ಕನೆ ನಕ್ಕರು. ಅವನು ಮುಂದೆ ಹೋದ.

ಗುಬ್ಬಿಯಲ್ಲಿ ಕಾರ್ಡು ಇದ್ದದ್ದು ಒಬ್ಬ ಮೇಡಂ ಮನೆಯಲ್ಲಿ. ಡಿಪ್ಲೊಮಾ ಓದುವವರಿಗೆ ಕಂಪ್ಯೂಟರ್ ಡ್ರಾಯಿಂಗ್ ಕಲಿಸುವ ಸೆಂಟರ್ ನಡೆಸುತ್ತಿದ್ದವರು, ಮುಚ್ಚಿ, ಮಿಷನ್ನುಗಳನ್ನೆಲ್ಲ ನಡುಮನೆಯಲ್ಲಿ ಹಳೇ ಬೆಡ್‌ಶೀಟ್ ಹೊದಿಸಿ ಇಟ್ಟಿದ್ದರು. ಪಕ್ಕದಲ್ಲೇ ತೆಂಗಿನ ನಾರಿನ ಮಿಲ್ಲು. ಕಾರ್ಡಿನ ಸಂದುಗಳಲ್ಲೆಲ್ಲ ಕಂದು ನಾರಿನ ಧೂಳು ಗೂಡು ಕಟ್ಟಿತ್ತು. ಕುಂಚದಿಂದ ಕೆಡವಿ ನೋಡಿದೆ. ಮುಂದೆ ನಾಲ್ಕು, ಬೆನ್ನಿಗೆ ನಾಲ್ಕು, ಎಂಟೂ ಚಿಪ್ಪು ಇದ್ದವು. ಬೆಸುಗೆಯೆಲ್ಲ ಒಂದೇ ಮಂಕು ಬಣ್ಣ, ಅಂದರೆ ಫ್ಯಾಕ್ಟರಿಯಿಂದ ಬಂದ ಮೇಲೆ ಯಾರೂ ಕೈ ಆಡಿಸಿಲ್ಲ. ಫ್ಯಾನ್ ಇರಲಿಲ್ಲ. ಶಾಖ ಹೀರುವುದಕ್ಕೆ ನಡುವಿನ ದೊಡ್ಡ ಚಿಪ್ಪಿನ ಮೇಲೆ ಅಲ್ಯೂಮಿನಿಯಂ ಹಲ್ಲುಗಳ ಒಂದು ಬಿಲ್ಲೆ ಕೂತಿತ್ತು. ನಮ್ಮ ಕೆಲಸಕ್ಕೇ ಅಂತ ಬಂದ ಬಗೆ ಅದು.

ಕೂರಿಸಿ ಕೊಡ ತಿರುಗಿಸಿದೆ. ಪಟ್ಟೆಗಳು ಕಾಲುವೆ ನೀರಿನ ಹಾಗೆ ಹರಿದವು. ನನಗೆ ಎದ್ದು ಕುಣಿಯೋಣ ಅನ್ನಿಸಿತು. ಮೇಡಂ ಕಾಫಿ ತಂದರು. ಲೋಟ ಖಾಲಿಯಾಗುವ ಹೊತ್ತಿಗೆ ಕೊಡ ನಿಂತಲ್ಲೇ ನಿಂತಿತು. ಚಿತ್ರ ಹಾಗೇ ಇದೆ, ಅಲ್ಲಾಡುತ್ತಿಲ್ಲ. ಆಫ್ ಮಾಡಿ ಮತ್ತೆ ಹಾಕಿದೆ. ಮತ್ತೆ ಅದೇ ಹಾಡು.

"ನಾನು ಸುಳ್ಳು ಹೇಳಿ ಮಾರಲ್ಲಮ್ಮ. ಹಿಂಗೇ ಆಗ್ತಿತ್ತು, ಅದಕ್ಕೇ ತೆಗೆದಿಟ್ಟೆ" ಅಂದರು ಮೇಡಂ.

ಬಿಸಿಯಾಗಿರಬಹುದು ಅಂತ ಬಿಲ್ಲೆ ಮುಟ್ಟಿ ನೋಡಿದೆ. ತಣ್ಣಗಿತ್ತು. ಬಿಸಿಯೂ ಇಲ್ಲ, ಓಡೋದೂ ಇಲ್ಲ ಅಂದರೆ ಒಳಗೇ ಸತ್ತಿದೆ ಅಂದುಕೊಂಡು ಪೆಟ್ಟಿಗೆ ಹೊತ್ತುಕೊಂಡು ವಾಪಸ್ ಬಂದೆ.

ಕುಣಿಗಲ್‌ಗೆ ಯಜಮಾನರೂ ಹೊರಟರು, ಅವರ ಹಳೇ ವ್ಯಾನಿನಲ್ಲಿ. ಬಸ್ ಸ್ಟ್ಯಾಂಡ್ ಹತ್ತಿರ ಮದುವೆ ವಿಡಿಯೋ ಮಿಕ್ಸಿಂಗ್ ಮಾಡುವ ಸ್ಟುಡಿಯೋ. ಅವರ ಕಾರ್ಡು ನೋಡಿದ ಕೂಡಲೇ ಯಜಮಾನರ ಮುಖ ಅರಳಿತು. ದೊಡ್ಡ ಫ್ಯಾನು, ಫ್ಯಾನಿನೊಳಗೆ ನೀಲಿ ಲೈಟು, ಅದರಡಿ ಅಲ್ಯೂಮಿನಿಯಂ ಬಿಲ್ಲೆ, ಎಂಟೂ ಚಿಪ್ಪು, ಮೇಲೆ ದುಬಾರಿ ಬಗೆಯ ಚೀಟಿ. ಕೂರಿಸಿ ಆನ್ ಮಾಡಿದರೆ ಪರದೆಯಲ್ಲೂ ಅದೇ ದುಬಾರಿ ಹೆಸರು ಬಂತು. ಪಟ್ಟೆಗಳೂ ಚೆನ್ನಾಗಿಯೇ ಹರಿದವು.

"ಆಯ್ತಲ್ಲಮ್ಮ, ಇನ್ನೇನ್ ನೋಡ್ತೀಯ?" ಅಂದರು ಯಜಮಾನರು.

"ಇರಿ ಸಾರ್. ಹೆಣ್ಣು ನೋಡೋಕೆ ಬಂದೋರು ಉಪ್ಪಿಟ್ಟು ತಿಂದ ತಕ್ಷಣ ಒಪ್ಪಿಗೆ ಕೊಡ್ತಾರಾ?"

ಕಾರ್ಡು ಹೊರಗೆ ತೆಗೆದು ಬಾಗಿಲ ಬೆಳಕಿಗೆ ಓರೆ ಹಿಡಿದೆ. ನಮ್ಮ ಅಬ್ಬಾ ಪಾತ್ರೆಗೆ ಕಲಾಯಿ ಹಾಕುವವರು. ಕೈ ಬೆಸುಗೆ ಯಾವುದು, ಮಿಷನ್ ಬೆಸುಗೆ ಯಾವುದು ಅನ್ನೋದು ನನಗೆ ಅಕ್ಷರ ಕಲಿಯುವ ಮೊದಲೇ ಬಂದದ್ದು. ಮೂಲೆಯಲ್ಲಿ ಎಳ್ಳಿಗಿಂತ ಸಣ್ಣ ಎರಡು ತುಣುಕು. ಅವೆರಡರ ಕಾಲಲ್ಲಿ ಮಾತ್ರ ಬೆಸುಗೆ ಮಿರಮಿರ ಹೊಳೆಯುತ್ತಿತ್ತು, ಸುತ್ತ ಹಳದಿ ರಾಳದ ಕಲೆ. ಆ ಎರಡು ತುಣುಕನ್ನು ಜಾಗ ಬದಲಿಸಿ ಕೂರಿಸಿದರೆ ಆಟದ ಕಾರ್ಡು ತಾನು ಡಿಸೈನ್ ಕಾರ್ಡು ಅಂತ ಕಂಪ್ಯೂಟರಿಗೆ ಹೇಳಿಕೊಳ್ಳುತ್ತದೆ. ಆಗ ಇಂಥ ಉಪಾಯ ಕೈಕೆಲಸ ಗೊತ್ತಿದ್ದವರಲ್ಲಿ ಬಾಯಿಂದ ಬಾಯಿಗೆ ಓಡಾಡುತ್ತಿತ್ತು. ಹೆಸರು ಬದಲಾಗುತ್ತದೆ, ಮೆಮೊರಿ ಚಿಪ್ಪು ಮಾತ್ರ ಆಟದ ಕಾರ್ಡಿನದೇ, ದಿನವಿಡೀ ಓಡುವ ಕೆಲಸಕ್ಕೆ ತಡೆಯುವುದಿಲ್ಲ.

"ಇದನ್ನ ಯಾರು ಬೆಸೆದದ್ದು?" ಅಂದೆ.

ಸ್ಟುಡಿಯೋದವನು ಮುಖ ಸಪ್ಪಗೆ ಮಾಡಿದ. "ನಾನು ತಗೊಂಡಾಗ್ಲೇ ಹಿಂಗಿತ್ತು ಅಕ್ಕ. ನಂಗೆ ಏನೂ ತೊಂದ್ರೆ ಕೊಟ್ಟಿಲ್ಲ."

ಅವನು ಹೇಳಿದ್ದು ನಿಜವೇ ಇರಬಹುದು. ಅವನ ಮಿಷನ್ನಿನ ಬಾಗಿಲು ಬಿಚ್ಚಿಯೇ ಇತ್ತು, ಮೇಲೊಂದು ಟೇಬಲ್ ಫ್ಯಾನ್ ಬೀಸುತ್ತಿತ್ತು. ನಾನು ನಮ್ಮ ಪೆಟ್ಟಿಗೆಯ ಬಾಗಿಲು ಹಾಕಿ, ಸ್ಕ್ರೂ ಬಿಗಿದು, ನಮ್ಮ ಶೆಡ್ಡಿನಲ್ಲಿ ಹೇಗೆ ಓಡಬೇಕೋ ಹಾಗೇ ಓಡಿಸಿದೆ. ಅವನು ಇನ್ನೊಂದು ಮಿಷನ್ನಿನಲ್ಲಿ ಒಂದು ಮದುವೆಯ ಧಾರೆ ಮಿಕ್ಸಿಂಗ್ ಮುಗಿಸುವ ಹೊತ್ತಿಗೆ ನನ್ನ ಪರದೆ ಮೇಲೆ ಚುಕ್ಕಿ ಬಿದ್ದವು. ಒಂದು, ಎರಡು, ಆಮೇಲೆ ರಾಗಿ ಚೆಲ್ಲಿದ ಹಾಗೆ. ಕೊಡ ತಿರುಗುತ್ತಲೇ ಇತ್ತು, ಮೈ ತುಂಬ ಅಮ್ಮ ಎದ್ದಿತ್ತು. ಬಾಗಿಲು ತೆಗೆದು ಬಿಲ್ಲೆ ಮುಟ್ಟಿದೆ. ಚುರ್ ಅಂತ ಬೆರಳು ಸುಟ್ಟಿತು.

"ಆಗಾಗ ಆಫ್ ಮಾಡ್ಕಂಡ್ರೆ ಆಯ್ತಲ್ಲಮ್ಮ" ಅಂದರು ಯಜಮಾನರು. ಅವರ ಕಣ್ಣು ನೀಲಿ ಲೈಟಿನ ಮೇಲೇ ಇತ್ತು.

ನಾನು ಬೆರಳು ಬಾಯಲ್ಲಿಟ್ಟುಕೊಂಡು ನಿಂತಿದ್ದೆ. ಇಲ್ಲಿ ಬಿಲ್ಲೆ ಇಷ್ಟು ಸುಡುತ್ತಿದೆ, ಅಂದರೆ ಅದು ಚಿಪ್ಪಿನ ಶಾಖ ಹೀರುತ್ತಿದೆ, ತನ್ನ ಕೆಲಸ ಮಾಡುತ್ತಿದೆ. ಹಾಗಿದ್ದೂ ಚುಕ್ಕಿ ಬಿತ್ತೆಂದರೆ ಸೋತದ್ದು ಮೆಮೊರಿ. ಅದಕ್ಕೆ ನನ್ನ ಹತ್ತಿರ ಮದ್ದಿಲ್ಲ. ಗುಬ್ಬಿಯಲ್ಲಿ? ಅಲ್ಲಿ ಚುಕ್ಕಿ ಒಂದೂ ಬಿದ್ದಿರಲಿಲ್ಲ. ಚಿತ್ರ ಶುದ್ಧವಾಗಿ ಹಾಗೇ ನಿಂತಿತ್ತು. ಬಿಲ್ಲೆ ತಣ್ಣಗಿತ್ತು. ಅಷ್ಟು ಹೊತ್ತು ಓಡಿದ ಚಿಪ್ಪಿನ ಮೇಲೆ ಕೂತ ಬಿಲ್ಲೆ ತಣ್ಣಗಿರುವುದು ಹೇಗೆ ಸಾಧ್ಯ? ಒಲೆ ಉರಿಯುತ್ತಿದೆ, ಪಾತ್ರೆ ಕಾದಿಲ್ಲ ಅಂದರೆ ಪಾತ್ರೆ ಒಲೆಗೆ ತಾಗಿಲ್ಲ. ಕಾರ್ಡು ಸತ್ತಿರಲಿಲ್ಲ. ಶಾಖ ಮೇಲೆ ಬರಲಾರದೆ ಒಳಗೇ ಬೇಯುತ್ತಿತ್ತು.

"ಸಾರ್, ಇದು ಬೇಡ. ಗುಬ್ಬಿಗೆ ಹೋಗಣ" ಅಂದೆ.

ವ್ಯಾನಿನಲ್ಲಿ ಜಗಳವೇ ಆಯಿತು.

"ಓಡೋ ಕಾರ್ಡ್ ಬುಟ್ಟು ಓಡದೇ ಇರೋ ಕಾರ್ಡ್ ತಗತೀನಿ ಅಂತೀಯಲ್ಲ, ಜನ ನಗಲ್ವ? ಅದ್ಯಾಕ್ ಈ ಪಾಡು, ಬೆಂಗಳೂರಿಗೆ ಫೋನ್ ಹಾಕ್ಬುಡ್ತೀನಿ."

"ಹಾಕಿ ಸಾರ್. ಹಿತ್ತಲ ಗಿಡ ಮದ್ದಲ್ಲ ಅಂತ ಗಾದೆ ಮಾಡಿದ್ದೇ ನಿಮ್ಮಂಥೋರನ್ನ ನೋಡಿ. ಇದು ತಪ್ಪಾದ್ರೆ ನಾಳೆಯಿಂದ ಡಿಸೈನ್ ಅನ್ನೋ ಪದ ನನ್ನ ಬಾಯಲ್ಲಿ ಬರಲ್ಲ. ಲೇತ್ ಹತ್ರ ನಿಂತ್ಕೊತೀನಿ. ಆದ್ರೆ ಗುಬ್ಬಿಗೆ ಹೋಗೇ ಹೋಗ್ಬೇಕು."

ಹೇಳಿಬಿಟ್ಟೆ. ಹೇಳಿದ ಮೇಲೆ ಹೆದರಿಕೆ ಆಯಿತು, ಅದೂ ನಿಜ. ಹೆಬ್ಬೂರು ದಾಟಿದ ಮೇಲೆ ಯಜಮಾನರು ರಸ್ತೆ ನೋಡುತ್ತಲೇ ಅಂದರು, "ಅದ್ನ ಬಿಚ್ಚಿ ವಿಭೂತಿ ಹಚ್ಚಿದ್ದು ನಾನೇ ಕಣಮ್ಮ."

"ಗೊತ್ತು ಸಾರ್."

"ಎಲ್ಲಾ ಮಿಷನ್‌ಗೂ ಒಳಗೇ ಹಚ್ಚಿದ್ದೆ. ಇದೊಂದಕ್ಕೆ ಹೊರಗೆ ಹಚ್ಚಿದ್ರೆ ಬೇಜಾರ್ ಮಾಡ್ಕತದೆ ಅನ್ನಿಸ್ತು. ನಿನ್ನ ಕೆಲ್ಸ ಚೆನ್ನಾಗಾಗ್ಲಿ ಅಂತ್ಲೇ."

ನಗಬಾರದು ಅಂದುಕೊಂಡರೂ ನಕ್ಕುಬಿಟ್ಟೆ. ಅವರೂ ನಕ್ಕರು. "ಕೆಟ್ಟ ಮೇಲೆ ಬುದ್ಧಿ ಬಂತು, ಅಟ್ಟ ಮೇಲೆ ಒಲೆ ಉರೀತು" ಅಂದರು. ತುಮಕೂರಿಗೆ ಬಂದಾಗ ಚಾಚಾ ಅಂಗಡಿ ಮುಂದೆ ನಿಲ್ಲಿಸಿ, ಚಿಪ್ಪಿಗೂ ಬಿಲ್ಲೆಗೂ ನಡುವೆ ಹಚ್ಚುವ ಪೇಸ್ಟಿನ ಸಣ್ಣ ಟ್ಯೂಬ್ ಒಂದನ್ನು ಇಸಿದುಕೊಂಡೆ. ಯಜಮಾನರು ಗಾಡಿಯನ್ನು ಗುಬ್ಬಿ ರಸ್ತೆಗೆ ತಿರುಗಿಸಿದರು.

ಗುಬ್ಬಿ ಮೇಡಂ ನಮ್ಮನ್ನು ಮತ್ತೆ ನೋಡಿ ಬೆರಗಾದರು. "ಬಿಚ್ಚಿ ನೋಡ್ತೀನಿ ಅಂತೀರಿ, ಬಿಚ್ಚಿ. ಆದ್ರೆ ಬಿಚ್ಚಿದ ಮೇಲೆ ಅದು ನಿಮ್ದೇ" ಅಂದರು. ನ್ಯಾಯವಾದ ಮಾತೇ. ಒಪ್ಪಿಕೊಂಡೆ.

ಬಿಲ್ಲೆಯನ್ನು ಹಿಡಿದಿದ್ದ ಎರಡು ಪ್ಲಾಸ್ಟಿಕ್ ಕೀಲನ್ನು ಹಿಂದಿನಿಂದ ಒತ್ತಿ ಬಿಡಿಸಿದೆ. ಬಿಲ್ಲೆ ಅಂಟಿಕೊಂಡಿರಲೇ ಇಲ್ಲ, ಸುಮ್ಮನೆ ಕೈಗೆ ಬಂತು. ಕೆಳಗೆ ಪೇಸ್ಟು ಪೂರ್ತಿ ಒಣಗಿ ಬಿಳೀ ಪುಡಿಯಾಗಿ ಉದುರಿತು.

ಯಜಮಾನರು ಬಗ್ಗಿ ನೋಡಿ ದಂಗಾದರು. "ಇದೇನಮ್ಮ, ಇಲ್ಲೂ ವಿಭೂತಿ ಹಚ್ಚವ್ರೆ?"

"ಇಲ್ಲ ಸಾರ್, ಇದು ಫ್ಯಾಕ್ಟರಿಯೋರೇ ಹಚ್ಚಿದ್ದು. ಒಣಗಿ ಹೋಗಿದೆ."

ಅವರ ಮುಖದಲ್ಲಿ ಎಂಥ ನೆಮ್ಮದಿ ಕಾಣಿಸಿತು ಅಂದರೆ, ಲೋಕದಲ್ಲಿ ತಾನೊಬ್ಬನೇ ಅಲ್ಲ ಅನ್ನುವ ಹಾಗೆ.

ಹತ್ತಿಗೆ ಸ್ಪಿರಿಟ್ ಹಾಕಿ ಎರಡೂ ಮೈ ಉಜ್ಜಿದೆ. ಉಜ್ಜದೆ ತವರ ಹಿಡಿಯಲ್ಲ ಅಂತ ಅಬ್ಬಾ ದಿನಾ ಹೇಳುವ ಮಾತು. ಕಲಾಯಿಗೆ ಪಾತ್ರೆ ತಿಕ್ಕಿದ ಹಾಗೇ ತಿಕ್ಕಿದೆ, ಹಳೇ ಕಲೆ ಒಂದು ಚೂರೂ ಉಳಿಯದ ಹಾಗೆ. ಹೊಸ ಪೇಸ್ಟನ್ನು ಕಡಲೆ ಕಾಳಿನಷ್ಟು ಇಟ್ಟು, ಬಿಲ್ಲೆ ಕೂರಿಸಿ, ಕೀಲು ಹಾಕಿ ಒತ್ತಿದೆ. ಸಡಿಲವಾಗಿದ್ದ ಒಂದು ಕೀಲಿನ ಬದಲು ವ್ಯಾನಿನಲ್ಲಿದ್ದ ನಮ್ಮ ಶೆಡ್ಡಿನ ಸಣ್ಣ ಸ್ಕ್ರೂ ನಟ್ಟು ಬಿಗಿದೆ, ಕೆಳಗೆ ಕಾಗದದ ವಾಷರ್ ಕೊಟ್ಟು. ಪೆಟ್ಟಿಗೆ ಮುಚ್ಚಿ ಕೊಡ ತಿರುಗಿಸಲು ಬಿಟ್ಟೆ.

ಕಾಫಿ ಬಂತು, ಲೋಟ ಖಾಲಿಯಾಯಿತು. ಕೊಡ ತಿರುಗುತ್ತಿತ್ತು. ಮೇಡಂ ಕಡಲೆಕಾಯಿ ಬಿಡಿಸಲು ಕೂತರು. ಯಜಮಾನರು ಸುಮ್ಮನೆ ಕೂರಲಾರದೆ ಅವರೂ ಕಡಲೆಕಾಯಿ ಬಿಡಿಸಿದರು. ಕೊಡ ತಿರುಗುತ್ತಲೇ ಇತ್ತು. ಸಂಜೆ ನಮಾಜಿನ ಕೂಗು ಕೇಳಿಸಿದಾಗ ಬಾಗಿಲು ತೆಗೆದು ಬಿಲ್ಲೆ ಮುಟ್ಟಿದೆ. ಸುಟ್ಟಿತು. ಕೈ ಸುಟ್ಟದ್ದಕ್ಕೆ ಅಷ್ಟೊಂದು ಸಂತೋಷಪಟ್ಟವಳು ಗುಬ್ಬಿಯಲ್ಲಿ ನಾನೊಬ್ಬಳೇ ಇರಬೇಕು. "ಸಾರ್, ಮುಟ್ಟಿ ನೋಡಿ" ಅಂದೆ. ಅವರು ಮುಟ್ಟಿ, ಕೈ ಕೊಡವಿಕೊಂಡು, "ಬೆಂಕಿ ಕಣಮ್ಮ" ಅಂದರು. ಅವರ ದನಿಯಲ್ಲಿದ್ದ ಹೆಮ್ಮೆ ನೋಡಿದರೆ ಪೇಸ್ಟು ಹಚ್ಚಿದ್ದು ಅವರೇ ಅನ್ನಬೇಕು.

ಇನ್ನೊಂದು ಮಾತು ಹೇಳಲೇಬೇಕು. ಪಟ್ಟೆಗಳೆಲ್ಲ ಚೆನ್ನಾಗಿ ಹರಿಯುತ್ತಿದ್ದವು, ಒಂದು ಕಡೆ ಬಿಟ್ಟು. ಒಳಬಾಗು ಹೊಟ್ಟೆಗೆ ಸೇರುವ ಜಾಗದಲ್ಲಿ ಒಂದು ಪಟ್ಟೆ ಕೂದಲೆಳೆಯಷ್ಟು ಪಕ್ಕಕ್ಕೆ ಜರುಗಿತ್ತು. ಎಷ್ಟು ಸಲ ತಿರುಗಿಸಿದರೂ ಅದೇ ಜಾಗ. ಅದು ಕಾರ್ಡಿನದಲ್ಲ, ಕೊಡದ್ದೇ. ಉಳಿದ ಎರಡು ಕಾರ್ಡಿನಲ್ಲಿ ಒಂದು ಎಲ್ಲ ಕಡೆ ಹರಿದು ತೋರಿಸಿತ್ತು, ಇನ್ನೊಂದು ಚುಕ್ಕಿಯಲ್ಲಿ ಮುಚ್ಚಿಹಾಕಿತ್ತು. ಇದೊಂದು ಇದ್ದದ್ದನ್ನು ಇದ್ದ ಹಾಗೆ ಹೇಳಿತು. ಶೆಡ್ಡಿಗೆ ತಂದ ಮೇಲೆ ಮೊದಲು ಮಾಡಿದ್ದೇ ಆ ಜಾಗವನ್ನು ಮತ್ತೆ ಬಿಡಿಸಿದ್ದು. ಬಿಡಿಸದೆ ಅಚ್ಚು ಕಡಿದಿದ್ದರೆ ಕೊಡ ಸರಿಯಾಗಿ ಅಲ್ಲೇ ಒಡೆಯುತ್ತಿತ್ತು.

ದೀಪಾವಳಿ ಕಳೆದು ಸಾಹುಕಾರರು ಬಂದರು. ಪರದೆ ನೋಡಿ, "ಚಿತ್ರ ಚೆನ್ನಾಗೈತೆ. ಕೊಡ ಬರ್ಲಿ, ಆಮೇಲ್ ಮಾತು" ಅಂದು ಹೋದರು. ಅಚ್ಚು ಕಡಿದು, ಪಾಲಿಶ್ ಮಾಡಿ, ಅವರ ಫ್ಯಾಕ್ಟರಿಗೆ ಒಯ್ದು ಬಿಸಿ ಪ್ಲಾಸ್ಟಿಕ್ಕನ್ನು ಅಚ್ಚಿನೊಳಗೆ ಊದಿ ಮೊದಲ ಕೊಡ ತೆಗೆಯುವಷ್ಟರಲ್ಲಿ ಚಳಿಗಾಲ ಮುಗಿಯುತ್ತಾ ಬಂದಿತ್ತು. ಕೆಂಪು ಕೊಡ. ಇನ್ನೂ ಬೆಚ್ಚಗಿತ್ತು. ತಣ್ಣಗಾದ ಮೇಲೆ ಯಾರ ಕೈಗೂ ಕೊಡದೆ ನಾನೇ ತೊಟ್ಟಿ ಹತ್ತಿರ ಹೋಗಿ ಕಂಠದವರೆಗೆ ತುಂಬಿದೆ, ದುಪಟ್ಟಾ ಬಿಗಿದು ಕಟ್ಟಿದೆ, ಎತ್ತಿ ಸೊಂಟಕ್ಕಿಟ್ಟೆ. ಕೂತಿತು. ಒಂದು ಕೈ ಬಿಟ್ಟುಕೊಂಡು ತೊಟ್ಟಿಯಿಂದ ಗೇಟಿನವರೆಗೆ ನಡೆದು ವಾಪಸ್ ಬಂದೆ. ನೀರು ತುಳುಕಲಿಲ್ಲ, ಕೊಡ ಜಾರಲಿಲ್ಲ. ಪ್ಯಾಕಿಂಗ್ ಮಾಡುತ್ತಿದ್ದ ಹೆಂಗಸರು ಕೆಲಸ ಬಿಟ್ಟು ನೋಡಿದರು. ಒಬ್ಬಾಕೆ ಬಂದು "ಕೊಡು ಇಲ್ಲಿ" ಅಂತ ಕಿತ್ತುಕೊಂಡು ತಾನೂ ಒಂದು ಸುತ್ತು ಹೊಡೆದಳು.

ಸಾಹುಕಾರರು ಯಜಮಾನರನ್ನು ಕೇಳಿದರು, "ಬೆಂಗ್ಳೂರಲ್ಲಿ ಯಾವ ಪಾರ್ಟಿ ಹತ್ರ ಮಾಡ್ಸಿದ್ರಿ ಡಿಸೈನು?"

"ಬೆಂಗ್ಳೂರ್ ಯಾಕೆ ಸಾಹುಕಾರ್ರೆ?" ಯಜಮಾನರು ನನ್ನ ಕಡೆ ಕೈ ತೋರಿಸಿದರು. "ನೀರ್ ಹೊತ್ಕಂಡ್ ಹೋಯ್ತಲ್ಲ, ಆವಮ್ಮನ್ದೇ."

ಕೆಲಸದಲ್ಲಿ ಆಮೇಲೂ ಎಷ್ಟೋ ಹೊಗಳಿಕೆ ಕೇಳಿದ್ದೀನಿ. ಅಷ್ಟು ಚಿಕ್ಕ ಮಾತಿಗೆ ಅಷ್ಟು ಸಂತೋಷ ಮತ್ತೆ ಯಾವತ್ತೂ ಆಗಿಲ್ಲ.

ಮುಂದಿನ ಆಯುಧ ಪೂಜೆಗೆ ನಾನು ರಜ ಹಾಕಲಿಲ್ಲ. ಬೆಳಗ್ಗೆಯೇ ಬಂದು ಸ್ಕ್ರೂಡ್ರೈವರುಗಳನ್ನೆಲ್ಲ ನನ್ನ ಬ್ಯಾಗಿಗೆ ಹಾಕಿಕೊಂಡಿದ್ದೆ. ಯಜಮಾನರು ವಿಭೂತಿ ತಟ್ಟೆ ಹಿಡಿದು ಒಂದೊಂದೇ ಮಿಷನ್ ಮುಗಿಸಿ ನನ್ನ ಟೇಬಲ್ ಹತ್ತಿರ ಬಂದರು, ಪೆಟ್ಟಿಗೆ ನೋಡಿದರು, ನನ್ನ ಮುಖ ನೋಡಿದರು. ಏನೂ ಹಚ್ಚದೆ "ಬಾರಮ್ಮ ಹೊರಗೆ" ಅಂತ ಕರೆದುಕೊಂಡು ಹೋದರು.

ಬೋರ್ಡ್ ಪೇಂಟರ್ ಆಗಷ್ಟೇ ಏಣಿ ಇಳಿದು ಕೈ ಒರೆಸಿಕೊಳ್ಳುತ್ತಿದ್ದ. ಹಳೇ ಅಕ್ಷರಗಳ ಮುಂದೆ ಜಾಗ ಸಾಲದೆ ಸ್ವಲ್ಪ ಇರುಕಿಸಿಯೇ ಬರೆದಿದ್ದ. ‘ಡಿಸೈನ್, ಡೈ ಮತ್ತು ಮೌಲ್ಡ್ ತಯಾರಕರು.’ ಯಜಮಾನರು ಪಂಚೆ ಎತ್ತಿ ಕಟ್ಟಿ, ತಟ್ಟೆ ಹಿಡಿದು ಏಣಿ ಹತ್ತಿದರು. ಹೊಸ ಪದದ ಪಕ್ಕ ಬೆರಳು ತಂದು ನಿಲ್ಲಿಸಿ, ಕೆಳಗೆ ನಿಂತಿದ್ದ ನನ್ನನ್ನು ಕೇಳಿದರು.

"ಇಲ್ಲಿ ಹಚ್ಬೋದೇನಮ್ಮ?"

"ಅಲ್ಲಿ ಎಷ್ಟು ಬೇಕಾದ್ರೂ ಹಚ್ಚಿ ಸಾರ್" ಅಂದೆ. "ಅದೇನೂ ಸುಡಲ್ಲ."